ಆ ಹಡಗಿನ ಹಾಜರಿ

ಈ ಹೊತ್ತಲ್ಲಿ ಆ ಹಡಗಿನ ಹೆಸರು ಮಾತ್ರ ಕೇಳಬೇಡಿ, ನಾನು ಹೇಳಲ್ಲ. ನನ್ನ ದೊಡ್ಡಪ್ಪನ ಮಗ ಓಬಳರಾಜು ನೌಕಾಪಡೆಯಲ್ಲಿದ್ದಾನೆ. ಹೋದ ವರ್ಷ ರಜೆಗೆ ಬಂದಿದ್ದ. ಶಿರಾದಿಂದ ಕೊನೇ ಬಸ್ಸಲ್ಲಿ ಬಂದಿಳಿದು ಇಬ್ಬರೂ ಮದಲೂರು ಕೆರೆ ಏರಿ ಮೇಲೆ ನಡ್ಕೊಂಡು ಬರ್ತಿದ್ವಿ. ಕೆರೆ ತುಂಬಿತ್ತು. ಗಾಳಿ ಇಲ್ಲ... ಒಂದು ಕಪ್ಪೆನೂ ವಟಗುಟ್ಟುತ್ತಿರಲಿಲ್ಲ.

ಬೆಳಿಗ್ಗೆ ತಾನೇ ಅವನಿಗೂ ಅಜ್ಜಿ ಮುದ್ದಕ್ಕನಿಗೂ ಜಟಾಪಟಿ ಆಗಿತ್ತು. ಅವನಿಗೆ ಹೊಸ ಯುದ್ಧನೌಕೆಗೆ ವರ್ಗ ಆಗಿತ್ತು. ಅದೇ ಹೆಸರಿನ ಹಡಗು ಹಿಂದೆ ಎರಡಿದ್ದವಂತೆ. ಒಂದು ಹಾಯಿ ಕಟ್ಟೋ ಕಾಲದ್ದು, ಇನ್ನೊಂದು ಆಮೇಲಿನದು. ಎರಡೂ ಆಳುಗಳ ಸಮೇತ ಮುಳುಗಿದ್ವು. "ನಮ್ಮಲ್ಲಿ ಹೆಸ್ರು ಸಾಯಕ್ಕೆ ಬುಡಲ್ಲ ಅಜ್ಜಿ" ಅಂತ ಇವನು ಜಂಬ ಕೊಚ್ಚಿದ.

"ಹಾಸಿಗೇಲಿ ಸತ್ತೋರ ಹೆಸ್ರು ಮಗೀಗೆ ಇಡ್ತೀವಿ ಕಣ್ಲಾ. ಮುಳುಗಿ ಸತ್ತೋರದ್ದು ಯಾರಾನ ಇಡ್ತಾರಾ? ಆ ಹಡಗು ಬ್ಯಾಡ ಬುಡು."

"ಆರ್ಡರ್ ಬಂದದೆ ಅಜ್ಜಿ. ಒಲ್ಲೆ ಅನ್ನಂಗಿಲ್ಲ."

ಆ ರಾತ್ರಿ ಏರಿ ಮೇಲೆ ತೂಬಿನ ಹತ್ತಿರ ಬರೋ ಹೊತ್ತಿಗೆ ಸೀಟಿ ಕೇಳಿಸ್ತು. ಪೊಲೀಸ್ ಸೀಟಿ ಅಲ್ಲ. ಪೀ...ಈ... ಅಂತ ಸಣ್ಣಗೆ ಏರಿ, ಅಲ್ಲೇ ನಿಂತು, ಇಳೀತು. ಓಬಳರಾಜು ಗಕ್ಕನೆ ನಿಂತ.

"ಹಡಗ್ನಾಗೆ ಎಲ್ಲಾರ್ನೂ ಸೇರ್ಸಕ್ಕೆ ಇಂಗೇ ಊದ್ತಾರೆ ಕಣ್ಲಾ..." ಅಂತ ಪಿಸುಗುಟ್ಟಿದ.

ಕೆರೆ ನಡುವಿಂದ ಯಾರೋ ಒಂದೊಂದೇ ಹೆಸರು ಕೂಗೋಕೆ ಶುರು ಮಾಡಿದ್ರು. ಪ್ರತಿ ಹೆಸರಿಗೂ ನೀರೊಳಗಿಂದ "ಸಾರ್"... "ಸಾರ್"...

"ಓಬಳರಾಜು..."

ಕತ್ತಲಲ್ಲಿ ಯಾರೇ ಹೆಸರು ಹಿಡಿದು ಕೂಗಿದ್ರೂ ಮೂರನೇ ಕೂಗಿನ ತನಕ ಓಗೊಡಬಾರದು. ದೆವ್ವ ಒಂದೇ ಸಲ ಕೂಗೋದು. ಇದು ನಮ್ಮೂರ ಕೂಸಿಗೂ ಗೊತ್ತು, ಇವನಿಗೂ ಗೊತ್ತು. ಅವನ ಬಾಯಿ ಮುಚ್ಚೋಣ ಅಂತ ನಾನು ಕೈ ಎತ್ತಿದೆ... ಹನ್ನೊಂದು ವರ್ಷದ ಅಭ್ಯಾಸ ನೋಡಿ, ಅಷ್ಟರಲ್ಲಿ ಎದೆ ಸೆಟೆಸಿ "ಸಾರ್!" ಅಂದುಬಿಟ್ಟ.

ಏರಿ ಕಲ್ಲಿಗೆ ನೀರು ಲೊಚಕ್ ಅಂತ ಬಡೀತು. ಆಮೇಲೆ ಏನೂ ಇಲ್ಲ.

"ಯಾಕ್ಲಾ ಓಗೊಟ್ಟೆ?"

"ಬಾಯಿಗೆ ಬಂದ್ಬುಡ್ತು ಕಣ್ಲಾ... ಅಜ್ಜಿಗೆ ಹೇಳ್ಬ್ಯಾಡ."

ಹೇಳಲಿಲ್ಲ. ಹೇಳಿ ತಾನೇ ಏನು ಮಾಡೋದಿತ್ತು? ತಾಯತ ಕಟ್ಟಿಸಿದ್ರೆ ಆರ್ಡರ್ ವಾಪಸ್ ಹೋಗುತ್ತಾ? ನಾಲ್ಕನೇ ದಿನ ನಾನೇ ತುಮಕೂರಲ್ಲಿ ರೈಲು ಹತ್ತಿಸಿ ಬಂದೆ. ಬರ್ತಾ ಬಸ್ಸಲ್ಲಿ ಅತ್ತುಬಿಟ್ಟೆ.

ಅವನ ಜೀವಕ್ಕೇನೂ ಆಗಿಲ್ಲ. ದಡಕ್ಕೆ ಬಂದಾಗೆಲ್ಲ ಫೋನ್ ಮಾಡ್ತಾನೆ. ಆದ್ರೆ ಹಡಗಲ್ಲಿ ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ, ಇವನ ಹೆಸರು ಬಂದ ಕೂಡಲೇ, ಇವನು ಬಾಯಿ ತೆಗೆಯೋಕೆ ಮುಂಚೆ ಹಿಂದಿನ ಸಾಲಿಂದ "ಸಾರ್" ಅಂತ ಕೇಳುತ್ತಂತೆ. ಇವನದೇ ದನಿ. ಸಾಹೇಬರು ತಲೆ ಎತ್ತದೆ ಮುಂದಿನ ಹೆಸರಿಗೆ ಹೋಗ್ತಾರಂತೆ.

ಸುಳ್ಳು ಅನ್ನೋರು ನಂಬರ್ ತಗೊಂಡು ಅವನನ್ನೇ ಕೇಳಿ. ಎಂಟು ತಿಂಗಳಾಯ್ತು... ಆ ಹಡಗಲ್ಲಿ ಅವನು ಇವತ್ತಿನ ತನಕ ಒಂದು ಸಲನೂ ಓಗೊಟ್ಟಿಲ್ಲ.