ಬಾವಿಯ ಕಡೆಗೆ ಹೊಡೆಯುವ ಗಾಳಿ

ಇದು ನನ್ನ ಚಿಕ್ಕಪ್ಪನ ಮಗನಿಗೆ ಆಗಿದ್ದು. ಸಣಕಲ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅವನು ಕಡ್ಡಿ. ನಾನು ದೆವ್ವ ನಂಬುವವನಲ್ಲ. ಭೌತಶಾಸ್ತ್ರ ಓದಿದ್ದೇನೆ. ಗಾಳಿ ಯಾಕೆ ಬೀಸುತ್ತದೆ ಅಂತ ಕೇಳಿದರೆ ಅರ್ಧ ಗಂಟೆ ಕೊರೆಯಬಲ್ಲೆ. ಈ ಒಂದು ಗಾಳಿಯ ಬಗ್ಗೆ ಮಾತ್ರ ಕೇಳಬೇಡಿ.

ಕಡ್ಡಿ ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆದು ಬರುತ್ತಿದ್ದ. ಕಾರ್ಖಾನೆಯ ಹಿಂದಿನ ಕಾಲುದಾರಿ. ಎಡಕ್ಕೆ ಒಂದು ಬತ್ತಿದ ಬಾವಿ, ಅದರ ಕಟ್ಟೆ ಮೊಣಕಾಲಿಗೂ ಬರುವುದಿಲ್ಲ. ಬಾವಿ ದಾಟಬೇಕು ಅನ್ನುವಷ್ಟರಲ್ಲಿ ಬಲಗಿವಿಯ ಹತ್ತಿರ...

ಟಪ್.

ಕೆನ್ನೆಗೆ ತಣ್ಣನೆಯ ಗಾಳಿ ಬಡಿಯಿತು. ಕಡ್ಡಿ ಬಾವಿಯ ಕಡೆಗೆ ಒಂದು ಹೆಜ್ಜೆ ವಾಲಿದ.

ಆ ಸದ್ದು ಅವನಿಗೆ ಹೊಸದಲ್ಲ. ಅವನ ಕೆಲಸ ಕಡಲೆಬೀಜ ಆರಿಸುವ ಯಂತ್ರ ನೋಡಿಕೊಳ್ಳುವುದು. ಬೀಜ ಇಳಿಜಾರಿನ ತಗಡಿನ ಮೇಲೆ ಜಾರಿ ಬೀಳುತ್ತದೆ. ಬೀಳುವಾಗ ಕ್ಯಾಮೆರಾ ನೋಡುತ್ತದೆ. ಬೂಷ್ಟು ಹಿಡಿದದ್ದೋ ಕಲ್ಲೋ ಕಂಡರೆ ಪಕ್ಕದ ಸಣ್ಣ ತೂತಿನಿಂದ ಗಾಳಿ ಹೊಡೆಯುತ್ತದೆ... ಟಪ್. ಕೆಟ್ಟದ್ದು ಬೇರೆ ಡಬ್ಬಕ್ಕೆ ಹಾರುತ್ತದೆ. ಡಬ್ಬ ತುಂಬಿದರೆ ಆ ಬಾವಿಗೆ ಸುರಿಯುತ್ತಾರೆ. ಬೂಷ್ಟಿನ ಬೀಜ ವಿಷ, ದನಕ್ಕೂ ಹಾಕುವ ಹಾಗಿಲ್ಲ.

"ಎಲ್ಲೋ ಗಾಳಿ ಪೈಪು ಸೋರ್ತಿರಬೇಕು" ಅಂದೆ, ಅವನು ಬಂದು ಹೇಳಿದಾಗ.

"ಬಾವಿ ಹತ್ರ ಪೈಪು ಎಲ್ಲಿದೆ ಅಣ್ಣ?"

"ಹಾಗಾದ್ರೆ ಬಾವಲಿ."

"ಬಾವಲಿ ದಿನಾ ಬಲಗಡೆಯಿಂದ್ಲೇ ಬರುತ್ತಾ?"

ದಿನಾ ಬರುತ್ತಿತ್ತು, ದಿನದಿನಕ್ಕೂ ಜೋರಾಗುತ್ತಿತ್ತು. ದೊಡ್ಡ ರಸ್ತೆ ಹಿಡಿದು ಸುತ್ತಿಕೊಂಡು ಬಂದ. ಅಲ್ಲೂ ಹೊಡೆಯಿತು, ಬಾವಿ ಇದ್ದ ದಿಕ್ಕಿಗೇ. ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಮತ್ತೆ ಕಾಲುದಾರಿಗೆ ಬಂದ. ಒಂದು ರಾತ್ರಿ ಒಂದೇ ಚಪ್ಪಲಿಯಲ್ಲಿ ಮನೆ ಸೇರಿದ. ಇನ್ನೊಂದು ಬಾವಿಯೊಳಗೆ ಬಿದ್ದಿತ್ತು. ಮೊಣಕೈ ಎರಡೂ ತರಚಿದ್ದವು. ಕಟ್ಟೆ ತಬ್ಬಿಕೊಂಡು ಉಳಿದಿದ್ದ.

ಅವನ ಹೆಂಡತಿ ನನಗೆ ಫೋನ್ ಮಾಡಿದಳು. "ಭಾವ, ಇವ್ರು ಆ ಯಂತ್ರಕ್ಕೆ ಏನೋ ಮಾಡಿದಾರೆ. ನನ್ನ ಹತ್ರ ಬಾಯಿ ಬಿಡ್ತಿಲ್ಲ."

ನನ್ನ ಹತ್ತಿರ ಬಿಟ್ಟ. ಯಂತ್ರಕ್ಕೆ ಆಗಾಗ ಪಾಠ ಹೇಳಬೇಕಂತೆ. ಒಳ್ಳೆಯ ಬೀಜ ತೋರಿಸಿ 'ಒಳ್ಳೇದು' ಗುಂಡಿ ಒತ್ತಬೇಕು, ಕೊಳೆತದ್ದು ತೋರಿಸಿ 'ಕೆಟ್ಟದ್ದು'. ಇವನು 'ಕೆಟ್ಟದ್ದು' ಒತ್ತಿದ ಮೇಲೆ ಕ್ಯಾಮೆರಾದ ಗಾಜಿಗೆ ಧೂಳು ಕೂತಿದೆ ಅಂತ ಬಗ್ಗಿ ಒರೆಸಿದ್ದಾನೆ. ಫಳ್ ಅಂತ ಚಿತ್ರ ಹಿಡಿಯುವ ಬೆಳಕು ಬಂದಿದೆ... ಇವನ ಮುಖಕ್ಕೆ.

"ಅಷ್ಟೇ ತಾನೇ?" ಅಂದಳು, ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಅವನ ಹೆಂಡತಿ. "ಒಳ್ಳೇದು ಅಂತ ಮತ್ತೆ ತೋರ್ಸಿ."

ನಾನು ನಕ್ಕೆ.

"ನಗಬೇಡಿ ಭಾವ. ಇವ್ರು ಬಗ್ಗಿರ್ತಾರೆ, ಒತ್ತೋಕೆ ಇನ್ನೊಬ್ರು ಬೇಕು. ಅಷ್ಟು ಓದಿದೀರಿ, ಒಂದು ಗುಂಡಿ ಒತ್ತೋಕೆ ಬರಲ್ವಾ?"

ಆ ರಾತ್ರಿಯೇ ಕಡ್ಡಿಯ ಜೊತೆ ಹೋದೆ. ಯಂತ್ರ ಖಾಲಿ. ತಗಡಿನ ಮೇಲೆ ಒಂದು ಬೀಜವೂ ಇಲ್ಲ. ಕಡ್ಡಿ ಹತ್ತಿರ ಹೋದ.

ಟಪ್. ಟಪ್ ಟಪ್. ಟಪ್.

"ನೋಡಿದ್ಯಾ?" ಪಿಸುಗುಟ್ಟಿದ.

"ಸುಮ್ನಿರು."

ಪರದೆಯ ಮೇಲೆ ಕೆಟ್ಟದ್ದರ ಚಿತ್ರಗಳನ್ನು ತೆರೆದೆ. ಬೂಷ್ಟು, ಕಲ್ಲು, ಬೂಷ್ಟು, ಕಡ್ಡಿ. ಅರ್ಧ ಮುಚ್ಚಿದ ಕಣ್ಣು, ತೆರೆದ ಬಾಯಿ. ಯಂತ್ರವನ್ನು ದೂರುವುದು ಕಷ್ಟವಿತ್ತು. ಕಡ್ಡಿಯ ಚಿತ್ರದ ಪಕ್ಕ ಇನ್ನೊಂದು ಮುಖ. ಕನ್ನಡಕ, ದಪ್ಪ ಮೀಸೆ.

"ಇದ್ಯಾರೋ?"

"ಹಳೇ ಆಪರೇಟರ್... ನನಗಿಂತ ಮುಂಚೆ ಇದ್ದೋನು."

"ಈಗೆಲ್ಲಿದಾನೆ?"

"ಹೇಳದೆ ಕೇಳದೆ ಕೆಲ್ಸ ಬಿಟ್ಟು ಹೋದ ಅಂತಾರೆ." ಕಡ್ಡಿ ಗೋಡೆಯ ಕಡೆ ನೋಡಿದ. ಮೊಳೆಗೆ ಒಂದು ಸ್ಟೀಲ್ ಡಬ್ಬಿ ನೇತಾಡುತ್ತಿತ್ತು. "ಊಟದ ಡಬ್ಬಿ ಕೂಡ ತಗೊಂಡು ಹೋಗ್ಲಿಲ್ಲ."

ಕಡ್ಡಿಯ ಚಿತ್ರ ಅಳಿಸಿದೆ. "ಬಗ್ಗು" ಅಂದೆ. ಬಗ್ಗಿದ. 'ಒಳ್ಳೇದು' ಒತ್ತಿದೆ. ಫಳ್. ಗಾಳಿ ನಿಂತಿತು. ಮೀಸೆಯವನ ಚಿತ್ರವನ್ನೂ ಅಳಿಸಲು ಹೋದೆ. ಯಂತ್ರ ಒಪ್ಪಲಿಲ್ಲ. 'ಬಳಕೆಯಲ್ಲಿದೆ' ಅಂತ ತೋರಿಸಿತು.

ಪಾಳಿ ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದೆವು. ಕಡ್ಡಿ ನನ್ನ ತೋಳು ಹಿಡಿದುಕೊಂಡಿದ್ದ. ಬಾವಿ ಬಂತು. ಏನೂ ಹೊಡೆಯಲಿಲ್ಲ. ಬಾವಿ ದಾಟಿದೆವು. ಅವನು ಉಸಿರು ಬಿಟ್ಟ. ಆಗ ಹಿಂದಿನಿಂದ, ತುಂಬ ಕೆಳಗಿನಿಂದ...

ಟಪ್.

ಆಮೇಲೆ ಬೀಜದ ರಾಶಿ ಸರಸರ ಸರಿದ ಸದ್ದು, ಯಾರೋ ಮಗ್ಗುಲು ಬದಲಿಸಿದ ಹಾಗೆ.

"ಕಪ್ಪೆ" ಅಂದೆ.

"ಬತ್ತಿದ ಬಾವೀಲಾ?"

ಬೆಳಿಗ್ಗೆ ನಾನೇ ಪೊಲೀಸರಿಗೆ ಹೇಳಿದೆ. ದೆವ್ವದ ವಿಷಯ ಅಲ್ಲ, ಒಬ್ಬ ಮನುಷ್ಯ ಕಾಣೆಯಾದ ವಿಷಯ. ಬಂದರು. ಹಗ್ಗ ಕಟ್ಟಿ ಒಬ್ಬನನ್ನು ಇಳಿಸಿದರು. ರಾಶಿಯನ್ನೆಲ್ಲ ಮೇಲೆತ್ತಿ ತಳ ಕೆದಕಿದರು. ಹೆಣ ಇರಲಿಲ್ಲ, ಮೂಳೆಯೂ ಇರಲಿಲ್ಲ. ಕಡ್ಡಿಗೆ ಈಗ ಯಾವ ಗಾಳಿಯೂ ತಾಗುವುದಿಲ್ಲ, ಅದೇ ಕೆಲಸದಲ್ಲಿದ್ದಾನೆ. ನೀವು ನಂಬಿ, ಬಿಡಿ. ಅವತ್ತು ನಾನು ಬಾವಿ ಕಟ್ಟೆಯ ಮೇಲೇ ನಿಂತಿದ್ದೆ.

ಚಪ್ಪಲಿ ಮೂರು ಸಿಕ್ಕವು. ಒಂದು ಕಡ್ಡಿಯದು, ರಾಶಿಯ ಮೇಲೇ ಬಿದ್ದಿತ್ತು. ಇನ್ನೆರಡು ರಾಶಿಯ ಅಡಿಯಲ್ಲಿ, ತಳದಲ್ಲಿ, ಒಂದರ ಪಕ್ಕ ಒಂದು... ಮನೆ ಬಾಗಿಲಲ್ಲಿ ಬಿಟ್ಟ ಹಾಗೆ ಇದ್ದವು ಅಂದ, ಇಳಿದವನು.