ಗುರುಣ್ಣನ ಲಾರಿಗೆ ಹಾಕಿದ ಜೋಡಿ

ಇಬ್ಬರು ಅವಳಿಗಳು, ಜಲಜಕ್ಕ. ಒಬ್ಬನ ಕೈ ಇನ್ನೊಬ್ಬ ಹಿಡಿದ್ರೇನೇ ಮಲಗಿರೋ ರಾಕ್ಷಸ ಎದ್ದೇಳೋದು. ಒಬ್ಬ ಮುದುಕನಾದ್ರೆ ಇನ್ನೊಬ್ಬನನ್ನೂ ತಿಂದುಹಾಕ್ತಾನೆ. ಯಾರು, ಹೇಳಿ ನೋಡೋಣ… ಒಗಟು ಬೇಡ್ವಾ? ನಿಮ್ಮನೆಯೋರು ಗುರುಣ್ಣ ಎಲ್ಲಿ ಅನ್ನೋದೇ ಬೇಕಾ? ಹೇಳಿದೆನಲ್ಲ, ಹೊಸೂರು ಸೇರಿದಾರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದಂಗೇ ಅಲ್ಲಿನ ಬೂತಿಂದ ಫೋನು. ಕೂತ್ಕೊಳ್ಳಿ ಅಕ್ಕ, ಆ ಸ್ಟೂಲು ಎಳ್ಕೊಳ್ಳಿ.

ಒಗಟಿಗೆ ಉತ್ತರ ಲಾರಿ ಬ್ಯಾಟರಿ, ರಾಕ್ಷಸ ಅಂದ್ರೆ ಇಂಜಿನ್. ಟ್ರ್ಯಾಕ್ಟರ್‌ಗೆ ಒಂದು ಸಾಕು, ಗದ್ದೆಯ ಕುಲುಕಾಟ ತಡೆಯೋ ಗಟ್ಟಿ ಡಬ್ಬಿ ನೋಡಿ ಕೊಟ್ರೆ ಆಯ್ತು. ಲಾರಿಗೆ ಹಂಗಲ್ಲ, ಎರಡು ಬೇಕು. ಎರಡೂ ಒಂದೇ ಕಂಪನಿ, ಒಂದೇ ವಯಸ್ಸು. ಒಂದು ಸತ್ತು ಇನ್ನೊಂದು ಬದುಕಿದ್ರೂ ಈ ಅಂಗಡಿ ನಡೆಸೋ ನಮ್ಮ ಕಮಲಾಕರ ಮಾವ ಎರಡನ್ನೂ ಇಳಿಸಿಬಿಡ್ತಾರೆ. ಎಂಟನೇ ಕ್ಲಾಸಲ್ಲಿ ನನಗೆ ಯಾವುದೂ ತಲೆಗೆ ಹತ್ತಲಿಲ್ಲ, ಇದು ಮಾತ್ರ ಹತ್ತಿದೆ.

ಗುರುಣ್ಣಂಗೂ ಜೋಡಿನೇ ಹಾಕಿದ್ದು. ಹೂಂ, ಎರಡೂ ಹೊಸದೇ… ಯಾಕೆ ಎರಡೆರಡು ಸಲ ಕೇಳ್ತೀರಾ?

ದಾರೀಲಿ ನಿಂತುಹೋದ್ರೆ? ನಿಲ್ಲಲ್ಲ ಅಕ್ಕ. ಟೀಗೆ ಅಂತ ಇಂಜಿನ್ ಆಫ್ ಮಾಡಿ, ಒಂದುವೇಳೆ ಮತ್ತೆ ಸ್ಟಾರ್ಟ್ ಆಗದೆ ಹೋದ್ರೆ… ಆಗ ಹಿಂದಿನ ಕೆಂಪು ಲೈಟೂ ಉರಿಯಲ್ಲ. ಕತ್ತಲಲ್ಲಿ ಹಿಂದಿಂದ ಬರೋ ಗಾಡಿಗೆ… ಬಿಡಿ, ಅದೆಲ್ಲ ಯಾಕೀಗ. ಮೀನಿನ ಲೋಡು ಕೆಡೋದ್ರೊಳಗೆ ಸೇರಿಸಿದ್ರಂತೆ, ಐಸು ಕೂಡ ಕರಗಿಲ್ವಂತೆ. 'ವಂಡಿ ಸೂಪರ್ ಕಣೋ ಸಾಯಿ' ಅಂದ್ರು, ಗಾಡಿಗೆ ಅವರು ವಂಡಿ ಅನ್ನೋದಲ್ವಾ. ದನಿ ಖುಷಿಯಾಗೇ ಇತ್ತು, ಸತ್ಯವಾಗ್ಲೂ. ಇಡ್ಲಿ ತಿಂತಿದೀನಿ ಅಂದ್ರು. ನಿಮ್ಮನ್ನ ಕೇಳಿದ್ರು, ಮಗು ಸುಮೇಧಾಗೆ ಜ್ವರ ಹೆಂಗಿದೆ ಅಂತಾನೂ ಕೇಳಿದ್ರು…

ಯಾಕಕ್ಕ?

ಯಾಕೆ ಹಂಗೆ ನೋಡ್ತಿದೀರಾ?

ಓ. ಮಗೂಗೆ ಜ್ವರ ಬಂದಿದ್ದು… ಅವರು ಹೊರಟ ಮೇಲೆ.

ಇಲ್ಲ, ನಾನೇ ಹೇಳಿರಬೇಕು ಫೋನಲ್ಲಿ… ನೀವು ಈಗ ತಾನೇ ಬಂದು ನನಗೆ ಹೇಳಿದ್ದು, ಅಲ್ವಾ. ಎದ್ದು ಹೋಗ್ಬೇಡಿ ಅಕ್ಕ, ಕೇಳಿ. ಬೈದ್ರೂ ಪರವಾಗಿಲ್ಲ.

ಮಾವ ದಿನಾ ಕೊಚ್ಚಿಕೊಳ್ತಿದ್ರು, ಕಣ್ಣು ಕಟ್ಟಿದ್ರೂ ಹಳೇ ಬ್ಯಾಟರಿ ಯಾವುದು ಅಂತ ಹೇಳ್ತೀನಿ ಅಂತ. ನೋಡೇ ಬಿಡೋಣ ಅಂದ್ಕೊಂಡೆ. ಯಾರೋ ವಾಪಸ್ ಕೊಟ್ಟಿದ್ದ ಹಳೇದನ್ನ ತೊಳೆದೆ, ತಿಕ್ಕಿದೆ, ಹೊಸ ಸ್ಟಿಕ್ಕರ್ ಅಂಟಿಸಿದೆ, ಫುಲ್ ಚಾರ್ಜ್ ಮಾಡಿ ಹೊಸದರ ಸಾಲಲ್ಲಿ ಇಟ್ಟೆ. ಮಾವನ ಮುಖ ನೋಡೋಕೆ, ಅಷ್ಟೇ. ಅಷ್ಟರಲ್ಲಿ ಗುರುಣ್ಣ ಬಂದ್ರು. ಜೋಡೀಲಿ ಒಂದಕ್ಕೆ ಮಾವ ಅದನ್ನೇ ಎತ್ತಿದ್ರು. ಅವರೇ ಕೂರಿಸಿದ್ರು. ನಾನು ನಗು ತಡೀಲಾರದೆ ಗೋಡೌನಿಗೆ ಓಡಿದೆ. ಹೇಳಿಬಿಡೋಣ ಅಂತ ಹೊರಗೆ ಬರೋಷ್ಟರಲ್ಲಿ ಲಾರಿ ಒಂದೇ ಕೀಲಿಗೆ ಸ್ಟಾರ್ಟ್ ಆಗಿ ರೋಡಿಗೆ ಇಳಿದಿತ್ತು. ಅಷ್ಟು ಚೆನ್ನಾಗಿ ಸ್ಟಾರ್ಟ್ ಆದ್ಮೇಲೆ ಹೇಳೋದೇನು ಅನ್ನಿಸ್ತು.

ನೀವು ಬೆಳಿಗ್ಗೆಯಿಂದ ದಾರಿ ನೋಡ್ತಾ ನಿಮ್ಮನೆ ಬಾಗಿಲಿಗೆ ಬಂದು ಬಂದು ಹೋಗ್ತಿದ್ರಲ್ಲ, ನೋಡೋಕಾಗ್ಲಿಲ್ಲ ಅಕ್ಕ. ಹೊಸೂರು, ಬೂತು, ಇಡ್ಲಿ, ಎಲ್ಲ ನಾನೇ ಕಟ್ಟಿದ್ದು. ಫೋನು ಬರಲೇ ಇಲ್ಲ.