ಗಿರಣಿಯ ಸಾಲಿನಲ್ಲಿ ಎಫ್ ಆಫ್ ಮೂರು

ಸಾತಾರದ ಹಿಟ್ಟಿನ ಗಿರಣಿಯಲ್ಲಿ ಗೋಧಿಡಬ್ಬಿ ಹಿಡಿದು ನಿಂತಿದ್ದ ಶರಯೂಗೆ ಮುಂದಿದ್ದ ಹುಡುಗಿ ಮತ್ತು ಅವಳ ಸೋದರತ್ತೆಯ ಮಾತು ಕೇಳಿಸಿತು. ನಾಳೆ ಹುಡುಗಿಗೆ ಗಣಿತದ ಮರುಪರೀಕ್ಷೆ. ರಾತ್ರಿಶಾಲೆಯಲ್ಲಿ ಓದುವ ಶರಯೂಗೂ ಅದೇ ಪರೀಕ್ಷೆ.

"ಎಫ್ ಆಫ್ ಎಕ್ಸ್ ಅಂದ್ರೆ ಎರಡು ಎಕ್ಸ್ ಕೂಡಿಸು ಒಂದು. ಎಫ್ ಆಫ್ ಮೂರು ಎಷ್ಟೇ, ಶಾಲ್ಮಲಿ?"

"ಏಳು."

"ಮತ್ಯಾಕೆ ಫೇಲಾದೆ?"

"ಯಾವುದು ಫಂಕ್ಷನ್, ಯಾವುದಲ್ಲ ಅಂತ ಗುರುತಿಸೋಕೇ ಬರಲ್ಲ ಅತ್ತೆ."

"ನಾಳೆಯೂ ಫೇಲಾದ್ರೆ ನರ್ಸಿಂಗ್ ಮರೆತುಬಿಡು. ಈ ಗಿರಣಿ ನೋಡು. ಗೋಧಿ ಹಾಕಿದ್ರೆ ಗೋಧಿಹಿಟ್ಟೇ ಬರತ್ತೆ. ಒಂದು ಹಾಕಿದ್ರೆ ಒಂದೇ ಉತ್ತರ. ಅದೇ ಫಂಕ್ಷನ್. ಎಷ್ಟು ಸಲ ಬಡ್ಕೊಳ್ಳಲಿ?"

"ಹೋದ ವಾರ ಇದೇ ಗೋಧಿ ಹಾಕಿದ್ವಿ, ಹಿಟ್ಟು ಕಪ್ಪಗೆ ಬಂತಲ್ಲ?"

"ನಮಗಿಂತ ಮುಂಚೆ ಯಾರದೋ ಸಜ್ಜೆ ಬೀಸಿದ್ರು, ಒಳಗೆ ಉಳಿದದ್ದು ನಮ್ಮ ಹಿಟ್ಟಿಗೆ ಸೇರ್ಕೊಳ್ತು ಕಣೇ."

"ಅಂದ್ರೆ ಅದೇ ಗೋಧಿಗೆ ಒಮ್ಮೆ ಬಿಳಿ, ಒಮ್ಮೆ ಕಪ್ಪು. ಎರಡು ಉತ್ತರ. ಗಿರಣಿ ಫಂಕ್ಷನ್ ಅಲ್ಲ."

ಅತ್ತೆ ಹುಡುಗಿಯ ತಲೆಗೊಂದು ಮೊಟಕಿದಳು.

"ಗುರುತಿಸೋಕೆ ಬರಲ್ವಂತೆ. ನಾಳೆ ಇದನ್ನೇ ಬರೀ, ಮಹಾತಾಯಿ."

ಅವರ ಸರದಿ ಬಂತು. ಅತ್ತೆ ಒಳಗೆ ಇಣುಕಿ ಗಿರಣಿಯವನನ್ನು ಕೇಳಿದಳು.

"ಈಗ ಏನು ಬೀಸಿದ್ರಿ?"

"ಸಜ್ಜೆ."

ಅತ್ತೆ ಹಿಂದೆ ತಿರುಗಿ ಶರಯೂಳ ಡಬ್ಬಿ ನೋಡಿದಳು. "ನಿಮ್ದೂ ಗೋಧಿನಾ? ಪಾಪ, ನೀವೇ ಮುಂದೆ ಹೋಗಿ" ಎಂದು ಹುಡುಗಿಯನ್ನು ಎಳೆದುಕೊಂಡು ಹಿಂದಕ್ಕೆ ಸರಿದಳು.

ಬೇಡವೆನ್ನಲಾರದೆ ಶರಯೂ ಡಬ್ಬಿ ಕೊಟ್ಟಳು. ಪಾಠ ಅವಳಿಗೂ ಅರ್ಥವಾಗಿತ್ತು.